ಶಂಕ್ರಮ್ಮನ ಎಡಗಾಲು

ಮೂರನೆಯ ಸಲವೂ ಶಂಕ್ರಮ್ಮ ಎಡಕ್ಕೆ ವಾಲಿದಳು. ಹೆಣದ ಕುಣಿ ತೆಗೆಯುವ ರೇವಣ ಅವಳ ಹೆಗಲಿಗೆ ಕೈಕೊಟ್ಟು ಹಿಡಿದ. ಗಂಡನ ಅಣ್ಣ ಯಶವಂತಪ್ಪ ಸೊಂಟದ ಬಳಿ ಎರಡು ದಿಂಬು ತುರುಕಿ, ಬಿಳಿ ಪಂಜೆಯೊಂದನ್ನು ಎದೆಯ ಸುತ್ತ ತಂದು ಪಡಸಾಲೆಯ ಗೂಟಕ್ಕೆ ಬಿಗಿದ. ಆಗ ದೇಹ ಹೇಗೋ ವಾಲದೆ ಕೂತಿತು. ಹೆಣವನ್ನು ಪದ್ಮಾಸನ ಹಾಕಿ ಕೂರಿಸಿ, ಕೂರಿಸಿದ ಹಾಗೆಯೇ ಮಣ್ಣು ಮಾಡುವ ಮನೆತನ ಅದು. ಎರಡು ಕಾಲಿದ್ದವರಾದರೆ ಊಟಕ್ಕೆ ಕೂತಂತೆ ಕೂರುತ್ತಾರೆ. ಶಂಕ್ರಮ್ಮನ ಎಡಗಾಲನ್ನು ಒಂಬತ್ತು ತಿಂಗಳ ಹಿಂದೆ ಮೊಣಕಾಲಿಗಿಂತ ಒಂದು ಗೇಣು ಮೇಲೆ ಕತ್ತರಿಸಿದ್ದರು.

ಅವಳ ಗಂಡ ನೀಲಕಂಠ ಹೊಸ್ತಿಲ ಬಳಿ ನಿಂತು, ಸೀರೆ ಚಪ್ಪಟೆಯಾಗಿ ಬಿದ್ದಿದ್ದ ಆ ಎಡಮಗ್ಗುಲನ್ನೇ ನೋಡುತ್ತಿದ್ದ. ಈಗ ಯಾರಾದರೂ ಕೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಕಲಬುರಗಿಯಿಂದ ಕಮಲಾಪುರಕ್ಕೆ ಹೆಣದ ಗಾಡಿಯಲ್ಲಿ ಬರುವಾಗಲೇ ಅವನು ಆ ಪ್ರಶ್ನೆಗೆ ಉತ್ತರ ಜೋಡಿಸತೊಡಗಿದ್ದ.

ಕೇಳಿದವಳು ಅತ್ತೆ ಗುಂಡಮ್ಮ. ಎಪ್ಪತ್ತು ದಾಟಿದ ಮುದುಕಿ. ಬೆಳಗಿನಿಂದ ಮಗಳ ಪಕ್ಕದಲ್ಲಿ ಕೂತವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನೀಲಕಂಠನಿಗೆ ಅದೇ ಹೆಚ್ಚು ಹೆದರಿಕೆ.

"ನೀಲಕಂಠಪ್ಪ, ನನ್ನ ಮಗಳ ಕಾಲ ಎಲ್ಲಿ ಮಣ್ಣ ಮಾಡೀರಿ?"

"ಹೊಲದಾಗ್ರಿ ಅತ್ತಿ. ಹುಣಸಿಗಿಡದ ಬುಡಕ."

"ತಗಸ್ರಿ. ನಾ ಹಡದಾಗ ಎರಡೂ ಕಾಲ ಇದ್ವು. ಎರಡು ಕಾಲಿಲೆ ಕುಂತು ಹೋಗಲಿ."

ವಿಭೂತಿ ತೇಯುತ್ತಿದ್ದ ಅಯ್ಯನವರು ತಲೆಯೆತ್ತಿದರು. "ಹಂಗೇನ ಕಾಯ್ದಿ ಇಲ್ಲವ್ವ. ಕೈಯಾಗ ಲಿಂಗ ಇದ್ರ ಸಾಕು."

"ಕಾಯ್ದಿ ನಾ ಕೇಳಿಲ್ರಿ ಅಯ್ಯನೋರ. ನಿಮ್ಮ ಪೂಜಿ ನೀವ್ ಮಾಡ್ರಿ. ಮಗಳು ನನಕಿ."

"ಯವ್ವ ಹೇಳೋದೂ ಬರೋಬರಿ ಅದ," ಎಂದ ಯಶವಂತಪ್ಪ. "ಹ್ಯಾಂಗೂ ಕುಣಿ ಅದೇ ಹೊಲದಾಗ ಅದ. ಹುಣಸಿಗಿಡ ಇಪ್ಪತ್ತ ಹೆಜ್ಜಿ. ತಮ್ಮ, ರೇವಣಗ ಜಾಗ ತೋರಿಸಿಬಿಡು."

ನೀಲಕಂಠ ಹೂಂ ಅಂದ. ಅವನು ಯಾವುದಕ್ಕೂ ಹೂಂ ಅನ್ನುವವನೇ. ಹುಣಸೆಮರದ ಬುಡದಲ್ಲಿ ಕಾಲು ಇರಲಿಲ್ಲ. ಎಂದೂ ಇರಲಿಲ್ಲ. ಅದನ್ನು ಬಲ್ಲವನು ಈ ಪಡಸಾಲೆಯಲ್ಲಿ ತಾನೊಬ್ಬನೇ ಎಂದು ಅವನು ತಿಳಿದಿದ್ದ.

ನೀಲಕಂಠ ಅಂಜುಬುರುಕ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವನಿಗೂ ಮುಚ್ಚಿಡಲು ಬಂದಿಲ್ಲ. ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ಇಪ್ಪತ್ತಾರು ವರ್ಷ ಸಾಹೇಬರುಗಳಿಗೆ ಚಹಾ ಒಯ್ದವನು. ಒಳಗಿನವರಿಗೆ ಕೇಳಿಸದಷ್ಟು ಮೆಲ್ಲಗೆ ಬಾಗಿಲು ತಟ್ಟಿ, ಅಲ್ಲೇ ನಿಂತು, ಚಹಾ ಆರಿದ್ದಕ್ಕೆ ಬೈಸಿಕೊಂಡವನು. ಬಸ್ಸಿನಲ್ಲಿ ಇಳಿಯುವ ಊರು ಇನ್ನೂ ಎರಡು ಮೈಲಿ ಇರುವಾಗಲೇ ಎದ್ದು ಬಾಗಿಲ ಹತ್ತಿರ ಹೋಗುತ್ತಿದ್ದ. ಶಂಕ್ರಮ್ಮ ಸೀಟಿನಲ್ಲೇ ಕೂತು ನಗುತ್ತಿದ್ದಳು. ಕಲಬುರಗಿಯ ರೋಜಾ ಬಡಾವಣೆಯ ಬಾಡಿಗೆ ಮನೆಯ ಮುಂಗೋಣೆಯಲ್ಲಿ ಮಷೀನು ಹಾಕಿಕೊಂಡು ಇಪ್ಪತ್ತು ವರ್ಷ ಜಂಪರು, ಲಂಗ, ಶಾಲೆಯ ಹುಡುಗಿಯರ ಚೂಡಿದಾರ ಹೊಲಿದವಳು ಅವಳು. ಉರುಸು ಬಂತೆಂದರೆ ಪಕ್ಕದ ಮನೆಯ ಅಮೀನಾಳ ಜೊತೆ ಕೂತು ದರ್ಗಾಕ್ಕೆ ಏರಿಸುವ ಚಾದರಗಳಿಗೆ ಜರಿ ಹಚ್ಚುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಹೆದರುವ ಕೆಲಸ ಅವನದು, ನಗುವ ಕೆಲಸ ಅವಳದು ಎಂದು ಹಂಚಿಕೆಯಾದಂತಿತ್ತು.

ಈಗ ಅಮೀನಾ ಕೂಡ ಬಂದಿದ್ದಳು. ಹೆಂಗಸರ ಸಾಲಿನ ಕೊನೆಯಲ್ಲಿ, ತಲೆಯ ಮೇಲಿನ ಓಢಣಿಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

*

ಮೊದಲು ಅದು ಮಷೀನು ತುಳಿದು ತುಳಿದು ಬಂದ ಮೊಣಕಾಲು ನೋವಾಗಿತ್ತು. ಎಣ್ಣೆ ತಿಕ್ಕಿದರು, ಉಪ್ಪಿನ ಗಂಟು ಕಾಸಿದರು. ಬಾವು ಲಿಂಬೆಹಣ್ಣಿನಷ್ಟಾದಾಗ ಎಕ್ಸ್‌ರೇ ಫೋಟೊ ತೆಗೆಸಿದರು. ಮೂಳೆ ಕ್ಯಾನ್ಸರ್ ಎಂದರು. ಮೂರು ತಿಂಗಳು ಔಷಧ ಏರಿಸಿ, ಕೂದಲೆಲ್ಲ ಉದುರಿದ ಮೇಲೆ ಕಾಲು ತೆಗೆಯಬೇಕೆಂದರು. ಒಳಗೆ ಕರೆದೊಯ್ಯುವ ಮುಂಚೆ ಶಂಕ್ರಮ್ಮ ಗಂಡನಿಗೆ ಹೇಳಿದ್ದು ಒಂದೇ ಮಾತು.

"ತಗದ ಕಾಲ ಇಲ್ಲಿ ಎಲ್ಲಾರ ಬಿಸಾಕಿಸಬ್ಯಾಡ್ರಿ. ಕಮಲಾಪುರಕ್ಕ ಒಯ್ದು ನಮ್ಮ ಮಣ್ಣಾಗ ಇಡ್ರಿ."

ಆಪರೇಷನ್ ಮುಗಿದ ಅರ್ಧ ಗಂಟೆಗೆ ಡಾಕ್ಟರ್ ಪ್ರೀತಿ ಅವನನ್ನು ತಮ್ಮ ಕೋಣೆಗೆ ಕರೆಸಿದರು. ಸಣ್ಣ ವಯಸ್ಸಿನ ಹುಡುಗಿ, ಕೊಯ್ದು ತೆಗೆದ ಗಡ್ಡೆಗಳನ್ನು ಪರೀಕ್ಷೆ ಮಾಡುವ ವಿಭಾಗದವರು. ಕೂತುಕೊಳ್ಳಿ ಎಂದರು. ಡಾಕ್ಟರು ಕೂತುಕೊಳ್ಳಿ ಎಂದಾಗ ನೀಲಕಂಠನಿಗೆ ನಿಂತಿರುವುದೇ ಸುರಕ್ಷಿತ ಎನಿಸಿತು.

"ಕಾಕಾ, ಕಾಲ ನಾವು ಇಟ್ಕೋಬೇಕಂತೀವಿ. ಎಲುಬು ಕೊಯ್ದು ನೋಡಬೇಕು. ಔಷಧಕ್ಕ ರೋಗ ಎಷ್ಟು ಸತ್ತದ ಅನ್ನೋದು ಒಂದು. ಇನ್ನೊಂದು ಅಂದ್ರ, ನಮ್ಮ ರಕ್ತದಾಗ ಮೈ ಕಾಯೋ ಕಣ ಇರ್ತಾವ. ಗಾಯ ಆದ್ರ, ಜ್ವರ ಬಂದ್ರ ಅವು ಓಡಿ ಬರ್ತಾವ. ಈ ಗಡ್ಡಿ ಒಳಗ ಅವು ಬಂದಾವೋ ಇಲ್ಲೋ, ಬಂದ್ರ ಎಷ್ಟು ಬಂದಾವ, ಅದನ್ನ ನೋಡಾಕತ್ತೀವಿ. ಭಾಳ ಬಂದಿದ್ರ ಒಳ್ಳೇ ಗುರುತು."

"ಬಂದಿರ್ಲಿಲ್ಲಂದ್ರ?"

"ಅದೊಂದರ ಮ್ಯಾಲೇ ಎಲ್ಲಾ ಹೇಳಾಕ ಬರಂಗಿಲ್ಲ ಕಾಕಾ. ಮೊದಲ ನೋಡೋಣಂತ."

"ನೋಡಿದ ಮ್ಯಾಲೆ ಕಾಲ ಕೊಡ್ತೀರೇನ್ರಿ?"

ಡಾಕ್ಟರ್ ಪ್ರೀತಿ ಸುಳ್ಳು ಹೇಳಲಿಲ್ಲ. "ಎಲುಬು ಮೆತ್ತಗಾಗಾಕ ಆ್ಯಸಿಡಿನಾಗ ವಾರಗಟ್ಲೆ ಇಡಬೇಕಾಗ್ತದ. ಉಳಿದಿದ್ದನ್ನ ಆಸ್ಪತ್ರೆಯವ್ರೇ ಸುಡ್ತಾರ. ನಿಮಗ ಬ್ಯಾಡಂದ್ರ ಈಗ ಹೇಳ್ರಿ. ಒಂದು ತುಂಡು ನಾವು ತಗೊಂಡು ಬಾಕಿದು ನಿಮಗ ಕೊಡ್ತೀವಿ. ಪೂರಾ ಇದ್ರ ಚೊಲೋ ನೋಡಾಕ ಬರ್ತದ, ಅಷ್ಟೇ."

ಸುಡುತ್ತಾರೆ. ಅವರ ಮನೆತನದಲ್ಲಿ ಯಾರನ್ನೂ ಸುಟ್ಟಿದ್ದಿಲ್ಲ. ಬೇಡ ಅನ್ನಬಹುದಿತ್ತು. ಬಾಯಿ ತೆರೆದ ಕೂಡ. ಆದರೆ ಪೂರಾ ಇದ್ದರೆ ಚೆನ್ನಾಗಿ ನೋಡಬಹುದು ಎಂಬುದೊಂದೇ ಅವನ ಕಿವಿಯಲ್ಲಿ ನಿಂತಿತು. ಚೆನ್ನಾಗಿ ನೋಡಿದರೆ ಎಲ್ಲೋ ಒಂದು ಮೂಲೆಯಲ್ಲಿ ಆ ಕಾಯುವ ಕಣಗಳು ಸಿಕ್ಕಾವು, ಶಂಕ್ರಿ ಉಳಿದಾಳು. ತೋರಿಸಿದಲ್ಲಿ ಸಹಿ ಮಾಡಿದ.

ಎರಡು ದಿನದ ಮೇಲೆ ಹೆಂಡತಿ ಕೇಳಿದಳು, "ಒಯ್ದ್ರೇನು?"

"ನಾಳಿ ಒಯ್ತೀನಿ. ಒಂದು ತುಂಡು ಮಾತ್ರ ಮೈ ಕಾಯೋ ಕಣ ನೋಡಾಕ ಅವ್ರು ಇಟ್ಕೊಂಡಾರ," ಎಂದ. ಮರುದಿನ ಒಂದು ಚೀಲದಲ್ಲಿ ಎರಡು ಹಳೆಯ ಟವೆಲ್ಲು ಸುತ್ತಿಕೊಂಡು ಹುಮನಾಬಾದ ಬಸ್ಸು ಹತ್ತಿದ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಳಗೆ ನಿಜವಾಗಿ ಕಾಲೇ ಇದೆಯೇನೋ ಎಂಬಂತೆ ಯಾರಿಗೂ ತಾಗದ ಹಾಗೆ ಹಿಡಿದುಕೊಂಡು ಕಮಲಾಪುರದವರೆಗೆ ಕೂತಿದ್ದ. ಅಣ್ಣ ಊರಲ್ಲಿರಲಿಲ್ಲ. ಹುಣಸೆಮರದ ಬುಡದಲ್ಲಿ ಗುಂಡಿ ತೋಡಿದ, ಮುಚ್ಚಿದ, ಮೇಲೊಂದು ಕಲ್ಲಿಟ್ಟ. ಟವೆಲ್ಲುಗಳನ್ನು ವಾಪಸು ತಂದ. ಅವನ್ನು ಹೂಳುವಷ್ಟೂ ಧೈರ್ಯ ಆಗಿರಲಿಲ್ಲ.

*

ಮಧ್ಯಾಹ್ನ ಎರಡಕ್ಕೆ ಹೆಣ ಹೊರುವ ವಿಮಾನ ಎದ್ದಿತು. ಬಾಳೆದಿಂಡು ಕಟ್ಟಿದ ಕುರ್ಚಿಯಲ್ಲಿ ಶಂಕ್ರಮ್ಮನನ್ನು ಕೂರಿಸಿ ನಾಲ್ವರು ಹೊತ್ತರು. ಮುಂದೆ ಭಜನೆಯವರು, ಹಿಂದೆ ನೀಲಕಂಠ. ಬಿಸಿಲು ನೆತ್ತಿ ಸುಡುತ್ತಿತ್ತು.

ದಾರಿಯುದ್ದಕ್ಕೂ ಅವನು ಸುಳ್ಳು ಹುಡುಕುತ್ತ ನಡೆದ. ನಾಯಿ ಎಳೆದೊಯ್ದಿವೆ ಅನ್ನಬಹುದು. ಕಲ್ಲು ಹಾಗೇ ಇದೆಯಲ್ಲ ಅನ್ನುತ್ತಾರೆ. ಕರಗಿಹೋಗಿದೆ ಅನ್ನಬಹುದು. ಪಕ್ಕದಲ್ಲೇ ಗುದ್ದಲಿ ಹೊತ್ತು ನಡೆಯುತ್ತಿದ್ದ ರೇವಣ ಮೂವತ್ತು ವರ್ಷದಿಂದ ಕುಣಿ ತೆಗೆಯುವವನು. ಒಂಬತ್ತು ತಿಂಗಳಲ್ಲಿ ಎಲುಬು ಕರಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಮಲಾಪುರದ ಆಚೆಗೆ ಹೆದ್ದಾರಿ ಕಾಣುತ್ತಿತ್ತು. ಯಾವುದಾದರೂ ಬಸ್ಸಿಗೆ ಕೈ ಮಾಡಿ ಹತ್ತಿಬಿಟ್ಟರೆ? ಹೆಂಡತಿಯ ಹೆಣ ಬಿಟ್ಟು ಓಡಿದವ ಅನ್ನುತ್ತಾರೆ. ಹಾಗಂದರೂ ಗುಂಡಮ್ಮನ ಮುಖ ನೋಡುವುದು ತಪ್ಪುತ್ತದೆ.

"ಯಾಕ್ರಿ ನೀಲಕಂಠಣ್ಣ, ಮೈಯಾಗ ಆರಾಮಿಲ್ಲೇನು? ಮಾರಿ ಬಿಳಚಿ ಹೋಗ್ಯದ," ಎಂದ ರೇವಣ.

"ಏನಿಲ್ಲ ಮಾರಾಯ."

"ಅಂಜಬ್ಯಾಡ್ರಿ. ಕಾಲ ನಾನೇ ತಗೀತೀನಿ. ಇಂಥಾದು ನೋಡಿ ನನಗ ರೂಢಿ ಅದ."

"ಬ್ಯಾಡ," ಎಂದ ನೀಲಕಂಠ. ಅವನ ಬಾಯಿಂದ ಬೇಡ ಬಂದದ್ದು ಕೇಳಿ ಅವನಿಗೇ ಆಶ್ಚರ್ಯವಾಯಿತು. "ನಾನೇ ಅಗಿತೀನಿ."

ತಾನೇ ಅಗೆದರೆ ನಿಧಾನವಾಗಿ ಅಗೆಯಬಹುದು. ಅಷ್ಟೇ ಅವನ ಲೆಕ್ಕ.

*

ಕಾಲು ಕೊಟ್ಟ ಇಪ್ಪತ್ತು ದಿನದ ಮೇಲೆ ಡಾಕ್ಟರ್ ಪ್ರೀತಿ ಅವನಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಅವನೇ ಕೇಳಿದ್ದ. ಒಂದು ಕಣ್ಣು ಮುಚ್ಚಿ ಬಗ್ಗಿದಾಗ ಕಂಡದ್ದು ಗುಲಾಬಿ ಬಣ್ಣದ ಬಯಲು, ಅದರ ತುಂಬ ಅಡ್ಡಾದಿಡ್ಡಿ ಬೆಳೆದ ದೊಡ್ಡ ದೊಡ್ಡ ಕಣಗಳು.

"ಅವು ರೋಗದ್ದು. ಇಲ್ಲಿ ಸಣ್ಣದೊಂದು ನೀಲಿ ಚುಕ್ಕಿ ಕಾಣ್ತದಲ್ಲ, ಅದು ಕಾಯೋದು. ಇಲ್ಲೊಂದು ಅದ." ಅವರು ಗಾಜಿನ ಪಟ್ಟಿಯನ್ನು ಸರಿಸುತ್ತ ಹೋದರು. ಸರಿಸಿದರು, ಸರಿಸಿದರು. "ಭಾಳ ಕಡಿಮಿ ಅದಾವ ಕಾಕಾ. ಔಷಧಕ್ಕೂ ರೋಗ ಅಷ್ಟೇನು ಸತ್ತಿಲ್ಲ. ನಾವು ಬಿಡಂಗಿಲ್ಲ, ಮತ್ತ ಔಷಧ ಕೊಡ್ತೀವಿ. ಆದ್ರ ನಿಮಗ ಖರೇ ಹೇಳಬೇಕಲ್ಲ."

ನೀಲಕಂಠ ತನ್ನ ಆಯುಷ್ಯದಲ್ಲಿ ಎಷ್ಟೋ ಸಲ ಹೆದರಿದ್ದ. ಆದರೆ ಅವತ್ತಿನ ಹೆದರಿಕೆಯೇ ಬೇರೆ. ಶಂಕ್ರಿಯ ಮೈಯೊಳಗೆ ಇಷ್ಟೆಲ್ಲ ನಡೆಯುತ್ತಿದ್ದರೂ ಯಾರೂ ಬಂದಿರಲಿಲ್ಲ. ಅವಳದೇ ರಕ್ತ, ಅವಳ ಕಡೆಯವರೇ, ಬಂದಿರಲಿಲ್ಲ. ಆಸ್ಪತ್ರೆಯಿಂದ ಜಗತ್ ವೃತ್ತದ ತನಕ ನಡೆದೇ ಬಂದ. ಅಲ್ಲಿನ ಗದ್ದಲದ ನಡುವೆ ನಿಂತು ಸ್ವಲ್ಪ ಹೊತ್ತು ಅತ್ತ. ಆಮೇಲೆ ಮುಖ ತೊಳೆದುಕೊಂಡು ಮನೆಗೆ ಹೋದ.

ಶಂಕ್ರಮ್ಮ ಮಷೀನಿನ ಮುಂದೆ ಕೂತು ಒಂದೇ ಕಾಲಲ್ಲಿ ತುಳಿಯುವುದನ್ನು ಕಲಿಯುತ್ತಿದ್ದಳು.

"ಏನಂದ್ರು? ಆ ಕಣ ಬಂದಾವಂತೇನು?"

"ಬಂದಾವ. ಭಾಳ ಬಂದಾವ. ಉರುಸಿನ ಮಂದಿ ಇದ್ದಂಗ ಇದ್ವು, ಕಾಲಿಡಾಕ ಜಾಗ ಇಲ್ಲ."

"ಮತ್ತ ಮಾರಿ ಯಾಕ ಹಿಂಗ ಮಾಡೀರಿ?"

"ಬಿಸಲಾಗ ಬಂದೀನಿ."

ಅವಳು ಅವನನ್ನೇ ನೋಡಿದಳು. ಆಮೇಲೆ ನಕ್ಕು, ದಾರ ಪೋಣಿಸಿಕೊಡಿ ಎಂದು ಸೂಜಿ ಕೊಟ್ಟಳು. ಎರಡು ಸಲವೂ ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಅವಳೇ ಪೋಣಿಸಿಕೊಂಡಳು.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಲೇಬೇಕೆಂದು ಹಟ ಹಿಡಿದಳು. ಬಗಲಲ್ಲಿ ಊರುಗೋಲು, ಜೊತೆಗೆ ಅಮೀನಾ. ಸಜ್ಜೆರೊಟ್ಟಿ, ಭಜ್ಜಿ, ಕಡಬಿನ ಬುಟ್ಟಿ ಇಳಿಸುವ ಮೊದಲೇ ಕೇಳಿದಳು, "ನನ್ನ ಕಾಲ ಎಲ್ಲದ, ತೋರಸ್ರಿ." ನೀಲಕಂಠ ಕಲ್ಲು ತೋರಿಸಿದ. ಅವಳು ಭೂಮಿತಾಯಿಗೆ ಎಡೆಯೆಂದು ಎರಚುವ ಚರಗವನ್ನು ಅದರ ಮೇಲೆ ಚೆಲ್ಲಿದಳು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

"ನೀವು ಬಾವನೋರ ಜೋಡಿ ಹೋಗಿ ಬಾಳಿತ್ವಾಟ ನೋಡಿ ಬರ್ರಿ. ನಾವಿಬ್ಬರೂ ಇಲ್ಲೇ ನೆಳ್ಳಿಗಿ ಕುಂದರ್ತೀವಿ," ಎಂದಳು. ಜೈಲಿನಿಂದ ಬಿಟ್ಟವನಂತೆ ಅವನು ಹೋದ. ಕೆಂಪು ಬಾಳೆಯ ಗೊನೆಗಳ ನಡುವೆ ಅಣ್ಣನ ಹಿಂದೆ ಎರಡು ತಾಸು ತಿರುಗಿದ. ವಾಪಸು ಬಂದಾಗ ಅವರಿಬ್ಬರೂ ಮಜ್ಜಿಗೆ ಕುಡಿಯುತ್ತ ಏನೋ ಹೇಳಿಕೊಂಡು ನಗುತ್ತಿದ್ದರು. ಆಮೇಲಿನ ನಾಲ್ಕು ತಿಂಗಳಲ್ಲಿ ರೋಗ ಶ್ವಾಸಕೋಶಕ್ಕೆ ಹೋಯಿತು. ಉಸಿರು ಸಿಕ್ಕದ ಕೊನೆಯ ವಾರದಲ್ಲೂ ಅವಳು ಕಾಲಿನ ಮಾತು ಎತ್ತಲಿಲ್ಲ.

*

ಕುಣಿ ಸಿದ್ಧವಾಗಿತ್ತು. ಒಳಗೆ ಕೂರಿಸುವ ಗೂಡನ್ನೂ ಕೊರೆದಿದ್ದರು. ವಿಮಾನವನ್ನು ದಂಡೆಯ ಮೇಲಿಟ್ಟು ಎಲ್ಲರೂ ಹುಣಸೆಮರದ ಕಡೆ ತಿರುಗಿದರು. ಗುಂಡಮ್ಮ ಕಲ್ಲಿನ ಪಕ್ಕದಲ್ಲೇ ಕಾಲು ಚಾಚಿ ಕೂತಳು.

ನೀಲಕಂಠ ಕಲ್ಲು ಸರಿಸಿ ಅಗೆಯತೊಡಗಿದ. ಒಂದು ಮೊಳ ಆಯಿತು. ಮಣ್ಣು. ಇನ್ನೂ ಒಂದು ಗೇಣು. ಮಣ್ಣು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಭಜನೆ ನಿಂತಿತ್ತು, ಗುದ್ದಲಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಎಷ್ಟು ಆಳ ಹುಗದೀ ತಮ್ಮ?" ಯಶವಂತಪ್ಪ ಕೇಳಿದ.

"ಇಲ್ಲೇ... ಮಳಿಗಿ ಮಣ್ಣ ಕುಂತಿರಬೇಕಣ್ಣ."

"ಮಣ್ಣ ಕುಂತ್ರ ಮ್ಯಾಲ ಸಿಗಬೇಕಲ್ರಿ," ಎಂದ ರೇವಣ. ಅವನು ಬಗ್ಗಿ ಗುಂಡಿಯ ಗೋಡೆಯನ್ನು ಬೆರಳಿಂದ ಕೆರೆದು ನೋಡುತ್ತಿದ್ದ. "ಜಾಗ ಇದೇ ಹೌದೋ ಅಲ್ಲೋ?"

ಗುಂಡಮ್ಮ ಅಳಿಯನ ಮುಖವನ್ನಷ್ಟೇ ನೋಡುತ್ತಿದ್ದಳು. ನೀಲಕಂಠ ಗುದ್ದಲಿ ನಿಲ್ಲಿಸಿದ. ಇನ್ನು ಆಗುವುದಿಲ್ಲ. ಹೇಳಬೇಕು. ನಿನ್ನ ಮಗಳ ಕಾಲನ್ನು ಸುಟ್ಟಿದ್ದಾರೆ, ಕಾಗದಕ್ಕೆ ನಾನೇ ಸಹಿ ಮಾಡಿದೆ, ಅವಳಿಗೂ ಸುಳ್ಳು ಹೇಳಿದೆ, ಆ ಸುಳ್ಳನ್ನೇ ನಂಬಿ ಸತ್ತಳು ಎಂದು ಇಷ್ಟು ಜನರ ಮುಂದೆ ಹೇಳಬೇಕು. ಗುದ್ದಲಿಯನ್ನು ಕೆಳಗಿಟ್ಟ.

"ಅತ್ತಿ..." ಎಂದ.

"ಭಾಯಿಸಾಬ್," ಎಂದಳು ಹಿಂದಿನಿಂದ ಅಮೀನಾ. "ಇನ್ನ ಜರಾ ಗಿಡದ ಕಡಿ ಅಗೀರಿ."

ಎಲ್ಲರೂ ಅವಳ ಕಡೆ ತಿರುಗಿದರು. "ಎಳ್ಳ ಅಮಾಸಿಗಿ ಬಂದಾಗ ಶಂಕ್ರಕ್ಕ ನನಗ ತೋರಿಸಿದ್ಳು," ಎಂದಳು. "ಕಲ್ಲ ಆಮ್ಯಾಲೆ ಸರದಿರಬೇಕು."

ನೀಲಕಂಠ ಯೋಚಿಸದೆ ಗುದ್ದಲಿ ಎತ್ತಿ ಅವಳು ತೋರಿಸಿದ ಕಡೆ ಹಾಕಿದ. ಎರಡು ಸಲ ಮಣ್ಣು. ಮೂರನೆಯ ಸಲ ಗುದ್ದಲಿ ಮೆತ್ತಗೆ ಕೂತಿತು. ಕೈಯಿಂದ ಮಣ್ಣು ಸರಿಸಿದಾಗ ಕಪ್ಪಗಾದ ಹಸಿರು ಇಳಕಲ್ ಸೀರೆಯ ಬಟ್ಟೆ ಕಂಡಿತು. ಒಂದೂವರೆ ಮೊಳ ಉದ್ದದ ಗಂಟು.

"ಸಿಕ್ತು," ಎಂದ ರೇವಣ. ಜನ ಮೂಗಿಗೆ ಬಟ್ಟೆ ಹಿಡಿದರು. ಭಜನೆಯವರು ಮತ್ತೆ ಶುರು ಮಾಡಿದರು.

ನೀಲಕಂಠ ಗುಂಡಿಯೊಳಗೆ ಹಿಂದೆ ಸರಿದು ಕೂತುಬಿಟ್ಟ. ಇಷ್ಟು ಹೊತ್ತು ಅವನು ಏನೂ ಸಿಗದಿರುವುದಕ್ಕೆ ಹೆದರಿದ್ದ. ಈಗ ತಾನು ಹೂಳದೇ ಇದ್ದದ್ದು ಮಣ್ಣಿನಿಂದ ಎದ್ದು ಬಂದಿತ್ತು. ಮುಟ್ಟಲು ಕೈ ಹೋಗಲಿಲ್ಲ.

ಅಮೀನಾ ದಂಡೆಯಲ್ಲಿ ಕೂತು, ಮಣ್ಣು ಸರಿಸುವವಳಂತೆ ಬಗ್ಗಿದಳು. ಭಜನೆಯ ಗದ್ದಲದಲ್ಲಿ ಅವಳ ಮಾತು ಅವನಿಗಷ್ಟೇ ಕೇಳಿಸಿತು.

"ಅಂಜಬ್ಯಾಡ್ರಿ. ಎಳ್ಳ ಅಮಾಸಿ ದಿನ ನಾ ಅಗದೆ, ಅಕಿನೇ ಇಟ್ಟಾಳ. ನಮ್ಮ ಮನ್ಯಾಗ ಕುಂತು ಹೊಲ್ದಾಳ, ನೀವು ಡ್ಯೂಟಿಗಿ ಹೋದಾಗ. ಡಾಕ್ಟರಮ್ಮಗ ಕೇಳಿ ಎಲ್ಲಾ ತಿಳ್ಕೊಂಡಿದ್ಳು. ಕಾಲಿಂದೂ, ಆ ಕಣದ್ದೂ. 'ನಾ ಹೋದ ದಿನ ನಮ್ಮವ್ವ ಕಾಲ ಕೇಳ್ತಾಳ, ಅವರು ಅಂಜಿ ಸಾಯ್ತಾರ,' ಅಂದ್ಳು."

ನೀಲಕಂಠ ಗಂಟನ್ನು ಎರಡೂ ಕೈಯಿಂದ ಎತ್ತಿದ. ಒದ್ದೆ ಮಣ್ಣಿಗೆ ಭಾರವಾಗಿತ್ತು. ಒಳಗೆ ಬಿದಿರಿನ ಕೋಲೊಂದು ಗಟ್ಟಿಯಾಗಿ ಹತ್ತಿತು, ಅದರ ಸುತ್ತ ಬಿಗಿಯಾಗಿ ತುಂಬಿದ ಅರಿವೆಯ ಚಿಂದಿ. ಸುತ್ತಲೂ ಎರಡೆಳೆ ದಾರದ ಹೊಲಿಗೆ, ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಮೀನಖಂಡದ ದಪ್ಪ, ಹಿಮ್ಮಡಿಯ ತಿರುವು, ಎಲ್ಲ ಅಳತೆ ತೆಗೆದೇ ಮಾಡಿದ್ದಳು. ಅವನು ಅಳತೊಡಗಿದ. ಬೆಳಗಿನಿಂದ ಹೆದರಿಕೆಯಲ್ಲಿ ಅವನಿಗೆ ಅಳುವುದೇ ಮರೆತುಹೋಗಿತ್ತು.

"ಇಲ್ಲಿ ಕೊಡ್ರಿ," ಎಂದು ಗುಂಡಮ್ಮ ಕೈ ಚಾಚಿದಳು.

ಅವನು ಗಂಟನ್ನು ಎದೆಗೆ ಒತ್ತಿಕೊಂಡ. ಶಂಕ್ರಮ್ಮನಿಗೆ ಸೂಜಿ ಹಿಡಿಯಲು ಕಲಿಸಿದವಳು ಈ ಮುದುಕಿಯೇ. ಕೊಡದೆ ಇರಲು ದಾರಿಯಿರಲಿಲ್ಲ. ಕೊಟ್ಟ.

ಗುಂಡಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಮಣ್ಣು ಒರೆಸಿದಳು. ಅವಳ ಹೆಬ್ಬೆರಳು ಹೊಲಿಗೆಯ ಗುಂಟ ಮೆಲ್ಲಗೆ ಇಳಿಯಿತು. ಒಂದು ಕಡೆ ನಿಂತಿತು, ವಾಪಸು ಹೋಯಿತು, ಮತ್ತೆ ಇಳಿಯಿತು. ಕೊನೆಗೆ ತುದಿಗೆ ಬಂದು, ಬಟ್ಟೆಯ ಮೇಲಿಂದಲೇ ಒಂದೊಂದನ್ನೂ ಹಿಡಿದು ನೋಡಿತು. ಶಂಕ್ರಮ್ಮ ಐದು ಬೆರಳನ್ನೂ ಬೇರೆ ಬೇರೆಯಾಗಿ ಹೊಲಿದಿದ್ದಳು. ಎರಡನೆಯದರಲ್ಲಿ ಕಾಲುಂಗುರವಿತ್ತು.

ಮುದುಕಿ ತಲೆಯೆತ್ತಿ ಅಳಿಯನನ್ನು ನೋಡಿದಳು. ಆಮೇಲೆ ಅಮೀನಾಳನ್ನು.

"ಯವ್ವ, ಬರೋಬರಿ ಅದ ಅಲ್ಲ?" ಯಶವಂತಪ್ಪ ಕೇಳಿದ. "ತಡ ಆಗಾಕತ್ತದ."

"ನನ್ನ ಮಗಳದೇ ಅದ," ಎಂದಳು ಗುಂಡಮ್ಮ, ಎಲ್ಲರಿಗೂ ಕೇಳುವ ಹಾಗೆ. "ನನಗ ಗುರ್ತ ಸಿಗಂಗಿಲ್ಲೇನು?"

ಅವಳ ಕಣ್ಣಿಂದ ನೀರು ಇಳಿದು ಗಲ್ಲದ ಮೇಲೆ ನಿಂತಿತ್ತು. ಅದನ್ನು ಒರೆಸಿಕೊಳ್ಳದೆ ಅಯ್ಯನವರ ಕಡೆ ಅಂಗೈ ಒಡ್ಡಿದಳು. ಅವರು ವಿಭೂತಿ ಕೊಟ್ಟರು. ಗುಂಡಮ್ಮ ಅದನ್ನು ನೀರಲ್ಲಿ ಕಲಸಿ, ಮೂರು ಬೆರಳಲ್ಲಿ ಅದ್ದಿ, ಮಣ್ಣಾದ ಬಟ್ಟೆಯ ಮೇಲೆ, ಪಾದವಿದ್ದ ಕಡೆ, ನೆಟ್ಟಗೆ ಮೂರು ಗೆರೆ ಎಳೆದಳು.